ಭಾವೀ ಅಳಿಯನ ಕೂದಲು

ಸರ್ಕಾರಿ ಪ್ರಯೋಗಾಲಯದಲ್ಲಿ ಮಾದಕದ್ರವ್ಯ ಪರೀಕ್ಷಿಸುತ್ತ ಆಯುಷ್ಯ ಸವೆಸಿದವನು ನಿವೃತ್ತನಾಗಿ ಊರಿಗೆ ಬರಬಾರದು. ನಿವೃತ್ತ ವೈದ್ಯನ ಮುಂದೆ ಜನ ನಾಲಿಗೆ ಚಾಚುತ್ತಾರೆ, ನಿವೃತ್ತ ವಕೀಲನ ಮುಂದೆ ಬೇಲಿ ಜಗಳ ಬಿಚ್ಚುತ್ತಾರೆ. ನನ್ನ ಮುಂದೆ ಮಕ್ಕಳ ಜೇಬು ಕೊಡವುತ್ತಾರೆ. ಮಂಜೇಶ್ವರದಲ್ಲಿ ನಾನು ಪತ್ತೆಹಚ್ಚಿದ ಮೊದಲ ಬಿಳಿಪುಡಿ ಕೇರಂ ಬೋರ್ಡಿನದು. ಅದನ್ನು ಮಗನ ಜೇಬಿನಿಂದ ತಂದಿದ್ದ ತಾಯಿಯ ಮುಖದಲ್ಲಿ ಸಮಾಧಾನಕ್ಕಿಂತ, ಹುಡುಗನಿಗೆ ಸುಮ್ಮನೆ ಹೊಡೆದ ಸಂಕಟವೇ ಹೆಚ್ಚಿತ್ತು.

ಇರಲಿ. ಹಾರ್ಡ್‌ವೇರ್ ಅಂಗಡಿಯ ಸಂಜೀವಣ್ಣನ ಜಗಲಿಯಲ್ಲಿ ಚಾ ಕುಡಿಯುತ್ತ, "ರಕ್ತ ಮರೆಯುತ್ತದೆ, ಕೂದಲು ಮರೆಯುವುದಿಲ್ಲ; ತಿಂಗಳುಗಟ್ಟಲೆ ಸಾಕ್ಷಿ ಇಟ್ಟುಕೊಳ್ಳುತ್ತದೆ" ಎಂದು ಒಮ್ಮೆ ಉಪನ್ಯಾಸ ಕೊಟ್ಟಿದ್ದೆ. ಅದರ ಫಲವಾಗಿ ಒಂದು ಬೆಳಿಗ್ಗೆ ಸಂಜೀವಣ್ಣ ಹಾಜರಾದರು. ಮಗಳು ರಮ್ಯಾಳಿಗೆ ಸಂಬಂಧ ಕೂಡಿಬಂದಿತ್ತು. ಹುಡುಗನ ಮನೆ ನೋಡಲು ಹೋದವರು ಕೈತೊಳೆಯುವ ನೆಪದಲ್ಲಿ ಒಳಹೊಕ್ಕು, ಅವನ ಬಾಚಣಿಗೆಯಿಂದ ಕೂದಲು ಎಗರಿಸಿ, ಪೊಟ್ಟಣ ಕಟ್ಟಿ ತಂದಿದ್ದರು.

"ಜಾತಕ ಕೂಡ್ತದೆ ಸಾರ್. ಆದ್ರೆ ಜಾತಕದಲ್ಲಿ ಪುಡಿ ಕಾಣ್ತದಾ? ನೀವು ಬೇಡ ಅಂದ್ರೆ ಈ ಸಂಬಂಧ ಬೇಡ."

ಅದಕ್ಕೆ ದೊಡ್ಡ ಯಂತ್ರ ಬೇಕು, ನನ್ನಲ್ಲಿರುವುದು ಪೇಪರ್ ಓದುವ ಭೂತಗನ್ನಡಿ ಎಂದೆ. "ನಿಮ್ಮ ಕಣ್ಣೇ ಸಾಕು ಮಾರಾಯ್ರೆ" ಎಂದರು. ಹೊಗಳಿಕೆ ಎಂಬ ಮಾದಕದ್ರವ್ಯಕ್ಕೆ ಇನ್ನೂ ಪರೀಕ್ಷೆ ಬಂದಿಲ್ಲ.

ಭೂತಗನ್ನಡಿಯಲ್ಲಿ ಕೂದಲು ಅಗತ್ಯಕ್ಕಿಂತ ಹೆಚ್ಚು ಸಜ್ಜನಿಕೆಯಿಂದ ಹೊಳೆಯುತ್ತಿತ್ತು. ಸಂಶಯ ಬಂದು ಒಂದೆಳೆಯನ್ನು ದೀಪಕ್ಕೆ ಹಿಡಿದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಎಂತದು, ಪ್ಲಾಸ್ಟಿಕ್ ಸುಡುವುದಾ?" ಪರೀಕ್ಷೆ ಮುಗಿಯಿತು. ಹುಡುಗನ ತಲೆಯ ಮೇಲಿದ್ದದ್ದು ವಿಗ್.

ಹೇಳಿದರೆ ಮದುವೆ ಮುರಿದೀತು. ಹೇಳದಿದ್ದರೆ ಹುಡುಗಿಗೆ ಮೋಸ. ಕೊನೆಗೆ ರಮ್ಯಾಳನ್ನೇ ಕರೆದು, ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ ಹೇಳಿದೆ. ಅವಳು ನಕ್ಕುಬಿಟ್ಟಳು.

"ಅವರು ಮೊದಲ ದಿನವೇ ವೀಡಿಯೊ ಕಾಲಲ್ಲಿ ತೆಗ್ದು ತೋರಿಸಿದ್ದಾರೆ ಅಂಕಲ್. ಅಪ್ಪನಿಗೆ ಮಾತ್ರ ಹೇಳ್ಬೇಡಿ. ಮದುವೆ ಕಳೀಲಿ."

ಸಂಜೀವಣ್ಣನಿಗೆ ವರದಿ ಒಪ್ಪಿಸಿದೆ: "ಹುಡುಗನ ವಿಷಯ ನಾನರಿಯೆ. ಈ ಕೂದಲು ಮಾತ್ರ ಹುಟ್ಟಿದಂದಿನಿಂದ ಯಾವ ಚಟವನ್ನೂ ಮಾಡಿಲ್ಲ." ಇಷ್ಟು ನಿಖರವಾದ ವರದಿ ನಾನು ಸೇವೆಯಲ್ಲಿದ್ದಾಗಲೂ ಕೊಟ್ಟಿರಲಿಲ್ಲ. ಅವರು ಎರಡನೆಯ ವಾಕ್ಯವನ್ನಷ್ಟೇ ಕೇಳಿಸಿಕೊಂಡು ಹಾಲ್ ಬುಕ್ ಮಾಡಲು ಓಡಿದರು.

ಮದುವೆ ಕಳೆದು ಮೊದಲ ಬಾರಿ ಉಳಿದುಕೊಳ್ಳಲು ಬಂದ ಅಳಿಯ, ಮಾವನ ಬಾವಿಕಟ್ಟೆಯ ಮೇಲೆ ಕ್ರಾಪನ್ನು ಕಳಚಿಟ್ಟು ನಿಶ್ಚಿಂತೆಯಿಂದ ಸ್ನಾನ ಮಾಡಿದನಂತೆ. ಅಂದು ಸಂಜೆ ಸಂಜೀವಣ್ಣ ಬಂದು ಕುಳಿತರು. "ಹುಡುಗ ಚಿನ್ನ ಸಾರ್, ಬೀಡಿ ಕೂಡ ಮುಟ್ಟುವುದಿಲ್ಲ" ಎಂದರು. ಆಮೇಲೆ ಬಹಳ ಹೊತ್ತು ನನ್ನ ತಲೆಯನ್ನೇ ನೋಡಿದರು.

"ಈ ಪ್ರಾಯದಲ್ಲೂ ಇಷ್ಟು ಕಪ್ಪು ಉಂಟಲ್ಲ ಸಾರ್!"

ನಾನು ಹವೆಯ ವಿಷಯ ತೆಗೆದೆ.

"ಒಮ್ಮೆ ಕೈತೊಳೆದು ಬರ್ತೇನೆ" ಎಂದು ಅವರು ಎದ್ದರು. ನಾನು ಅವರಿಗಿಂತ ಮೊದಲೇ ಒಳಗೆ ಓಡಿ, ಬಾಚಣಿಗೆಯನ್ನೂ ಅದರ ಪಕ್ಕದ ಬಣ್ಣದ ಬಾಟಲಿಯನ್ನೂ ಕಪಾಟಿಗೆ ಹಾಕಿ ಬೀಗ ಜಡಿದೆ.