ಮುಕ್ಕಾಲು ಹೆಚ್‌ಪಿ ಕಾರ್ಡು

ಬಣಕಲ್ಲಿನ ದಯಾನಂದನ ಸ್ಟುಡಿಯೋದಲ್ಲಿ ಆ ಬೆಳಿಗ್ಗೆ ಎಲ್ಲವೂ ಸರಿಯಾಗಿತ್ತು. ಸರಿಯಾಗಿದ್ದದ್ದನ್ನು ಸುಮ್ಮನೆ ಬಿಡಲಾಗದ್ದೇ ತೊಂದರೆಗೆ ಮೂಲ.

ಎಸ್ಟೇಟಿನ ದೇವರಾಜಣ್ಣನವರ ಹಿರಿಮಗಳು ದೀಪಶ್ರೀಯ ಮದುವೆ ವೀಡಿಯೋ, ಎಡಿಟ್ ಮಾಡಿದ ತುಂಡುಗಳೆಲ್ಲ ಸೇರಿ ಒಂದೇ ಚಿತ್ರವಾಗಲು, ಕಂಪ್ಯೂಟರಿನೊಳಗೆ ತನ್ನ ಪಾಡಿಗೆ ತಾನು ಬೇಯುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ ಎಂದು ಪರದೆ ಹೇಳುತ್ತಿತ್ತು. ಬೀಗರೂಟ ಮುಗಿದು ನೆಂಟರು ಕಾಫಿಗೆ ಕೂರುವುದು ನಾಲ್ಕಕ್ಕೆ. ಆಗ ಎಸ್ಟೇಟಿನ ಅಂಗಳದಲ್ಲಿ ವೀಡಿಯೋ ಓಡಬೇಕು. ಓಡಿದರೆ ಕಿರಿಮಗಳು ಧನ್ಯಾಳ ಮದುವೆಯೂ ದಯಾನಂದನಿಗೆ, ಇಲ್ಲದಿದ್ದರೆ ಮೂಡಿಗೆರೆಯ ಸ್ಟುಡಿಯೋದವನಿಗೆ. ದೇವರಾಜಣ್ಣ ಇದನ್ನು ನಗುನಗುತ್ತಲೇ ಹೇಳಿದ್ದರು. ಅವರು ನಗುತ್ತ ಹೇಳಿದ್ದನ್ನು ತಮಾಷೆ ಎಂದುಕೊಂಡಿದ್ದ ಲೆಕ್ಕ ಬರೆಯುವ ಇಬ್ಬರು ರೈಟರುಗಳು ಈಗ ಬೇರೆ ಎಸ್ಟೇಟಿನಲ್ಲಿದ್ದಾರೆ.

ಅಷ್ಟರಲ್ಲಿ ಕೊರಿಯರಿನವನು ಹೊಸ ಗ್ರಾಫಿಕ್ಸ್ ಕಾರ್ಡು ತಂದುಕೊಟ್ಟ. ಆರು ಗಂಟೆಯ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುವಂಥದ್ದು. ದಯಾನಂದ ಅದನ್ನು ಬಾಣಂತಿ ಕೈಯಿಂದ ಕೂಸು ಇಸಿದುಕೊಂಡ ಹಾಗೆ ಎತ್ತಿಕೊಂಡ.

"ಮೂರಕ್ಕೆ ಮುಗೀತದಲ್ರೀ, ನಾಳೆ ಹಾಕಿದ್ರಾಯ್ತು" ಎಂದಳು ಹೆಂಡತಿ ಪವಿತ್ರಾ.

"ಅರ್ಧ ಗಂಟೇಲಿ ಆಗೋದಕ್ಕೆ ಮೂರರ ತನಕ ಯಾಕೆ ಕಾಯೋದು?" ಎಂದು ಅವನು ಕಂಪ್ಯೂಟರ್ ನಿಲ್ಲಿಸಿಯೇಬಿಟ್ಟ. ಅದುವರೆಗೆ ಬೆಂದದ್ದೆಲ್ಲ ನೀರುಪಾಲಾಯಿತು. ಆಮೇಲೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದ: ಪವರ್ ಸಪ್ಲೈ ಕನಿಷ್ಠ ಐನೂರೈವತ್ತು ವಾಟ್ ಇರಬೇಕು.

ತನ್ನದು ಎಷ್ಟರದ್ದು? ಚೀಟಿ ಅಂಟಿಸಿದ್ದ ಮಗ್ಗುಲು ಒಳಗೋಡೆಗೆ ಒತ್ತಿಕೊಂಡಿತ್ತು. ಸ್ಕ್ರೂ ಬಿಚ್ಚಿ, ಪವರ್ ಸಪ್ಲೈ ಹೊರತೆಗೆದು, ಧೂಳು ಊದಿದ. ನಾನೂರೈವತ್ತು.

ಪಕ್ಕದ ಸುಬ್ಬಣ್ಣ ಇಷ್ಟು ಹೊತ್ತಿಗೆ ಬಾಗಿಲಲ್ಲಿದ್ದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟಾರು ನೋಡಿಕೊಂಡೇ ನಿವೃತ್ತನಾದವನು. ಬಿಚ್ಚಿದ ಸ್ಕ್ರೂವಿನ ಸದ್ದು ಅವನಿಗೆ ಮೂರು ಮನೆ ಆಚೆಯಿಂದಲೇ ಕೇಳುತ್ತಿತ್ತು.

"ಐನೂರೈವತ್ತು ಅಂದ್ರೆ ಎಷ್ಟಾಯ್ತು? ಮುಕ್ಕಾಲು ಹೆಚ್‌ಪಿ. ಇಷ್ಟಕ್ಕೆ ತಲೆ ಮೇಲೆ ಕೈ ಹೊತ್ತಿದೀಯಲ್ಲ ಮಾರಾಯ! ನಂಜಮ್ಮನ ಮಿಕ್ಸಿ ಇದ್ರಪ್ಪನಂಗಿದೆ."

"ನನ್ನ ಮಿಕ್ಸಿ ಸುದ್ದಿಗೆ ಬರ್ಬೇಡಿ" ಎಂದಳು ಎದುರಿನ ದಿನಸಿ ಅಂಗಡಿಯ ನಂಜಮ್ಮ, ರಸ್ತೆಯ ಆ ಕಡೆಯಿಂದಲೇ.

ದಯಾನಂದ ಚಿಕ್ಕಮಗಳೂರಿನ ಕಂಪ್ಯೂಟರ್ ಅಂಗಡಿಯ ರಾಜೀವನಿಗೆ ಫೋನು ಹಚ್ಚಿದ.

"ಡಬ್ಬಿ ಮೇಲೆ ಜಾಸ್ತಿನೇ ಬರೆದಿರ್ತಾರೆ ಸರ್. ನಿಮ್ದು ಎಲ್ಲ ಸೇರಿ ಎಳೆಯೋದು ಮುನ್ನೂರರೊಳಗೆ. ನಾನೂರೈವತ್ತು ಸಾಕು, ಒಳ್ಳೇ ಕಂಪನೀದಾದ್ರೆ. ಯಾವ್ ಕಂಪನಿ?"

ದಯಾನಂದ ಓದಿ ಹೇಳಿದ.

"ಕೇಳಿಲ್ಲ ಸರ್. ಒಂದ್ಸಲ ತೂಕ ನೋಡಿ. ಅಗ್ಗದ್ದು ಹಗುರ ಇರ್ತದೆ. ಒಂದು ಕೆಜಿ ಮೇಲಿದ್ರೆ ಧೈರ್ಯವಾಗಿ ಹಾಕಿ."

ಹೀಗಾಗಿ ಪವರ್ ಸಪ್ಲೈ ನಂಜಮ್ಮನ ತಕ್ಕಡಿ ಏರಿತು. ಒಂದು ಕೆಜಿ ಮುನ್ನೂರು ಗ್ರಾಂ.

"ತೇವ ಇದೆಯೇನೋ" ಎಂದಳು ನಂಜಮ್ಮ. ಕಾಳುಮೆಣಸು ಕೊಳ್ಳುವವಳಿಗೆ ತಕ್ಕಡಿ ತೋರಿಸಿದ್ದನ್ನು ಹಾಗೇ ಒಪ್ಪಿ ಅಭ್ಯಾಸವಿಲ್ಲ.

"ಧೂಳೇ ಕಾಲು ಕೆಜಿ ಇರ್ಬಹುದು, ಕಳೀಬೇಕು" ಎಂದ ಸುಬ್ಬಣ್ಣ.

ಕಳೆದರೂ ಕೆಜಿಯ ಮೇಲೆಯೇ ನಿಂತಿತು. ದಯಾನಂದ ಎಲ್ಲವನ್ನೂ ಜೋಡಿಸಿ ಸ್ವಿಚ್ಚಿಗೆ ಕೈ ಹಾಕುವಾಗ ಸುಬ್ಬಣ್ಣ ಆ ಕೈ ಹಿಡಿದ.

"ತಡಿ. ಓಡೋವಾಗ ಮುನ್ನೂರು ಸರಿ. ಏಳೋವಾಗ? ಮೋಟಾರು ಏಳೋವಾಗ ಮೂರು ಪಟ್ಟು ಎಳೀತದೆ. ನಾವು ಪಲ್ಪರ್ ಎಬ್ಬಿಸೋವಾಗ ಕೂಲಿ ಆಳುಗಳ ಲೈನು ಮನೆಯವ್ರೆಲ್ಲ ಕರೆಂಟು ಆರಿಸ್ತಿದ್ರು. ವೇಗ ಹಿಡಿದ್ಮೇಲೆ ನಾನು ಸೀಟಿ ಊದೋದು, ಅವ್ರು ಹಾಕ್ಕೊಳ್ಳೋದು. ನನ್ ಸರ್ವೀಸಲ್ಲಿ ಒಂದು ಮೋಟಾರು ಸುಟ್ಟಿಲ್ಲ."

"ಇದು ಮೋಟಾರಲ್ಲ ಸುಬ್ಬಣ್ಣ, ಕಂಪ್ಯೂಟರು."

"ಫ್ಯಾನು ತಿರುಗ್ತದೋ ಇಲ್ವೋ?"

ತಿರುಗುತ್ತದೆ ಎಂದು ದಯಾನಂದ ಒಪ್ಪಬೇಕಾಯಿತು. ಕಾರ್ಡು ಸುಟ್ಟರೆ ಧನ್ಯಾಳ ಮದುವೆಯೂ ಸುಟ್ಟ ಹಾಗೆ ಎಂಬ ಹೆದರಿಕೆ ಬೇರೆ. ಸುಬ್ಬಣ್ಣ ಬೀದಿಗಿಳಿದು ಹೇಳಿಬಂದ. ನಂಜಮ್ಮ ಫ್ರಿಜ್ಜು ಆರಿಸಿದಳು. ಮೂಲೆಯ ಮಲ್ಲೇಶ್ ಗೊಣಗುತ್ತ ಹಿಟ್ಟಿನ ಮಿಲ್ಲು ನಿಲ್ಲಿಸಿದ. ಮನೆಮನೆಯ ಗೀಸರು, ಮಿಕ್ಸಿ, ಟಿವಿ ಎಲ್ಲ ಬಾಯಿ ಮುಚ್ಚಿದವು.

ದಯಾನಂದ ಸ್ವಿಚ್ಚು ಒತ್ತಿದ. ಕಂಪ್ಯೂಟರು ಬೆಕ್ಕಿನ ಮರಿ ಎದ್ದ ಹಾಗೆ ಸದ್ದಿಲ್ಲದೆ ಎದ್ದಿತು. ವೀಡಿಯೋ ಮೊದಲಿನಿಂದ ಬೇಯತೊಡಗಿತು, ನೋಡುತ್ತಿದ್ದಂತೆ ದೀಪಶ್ರೀಯ ಧಾರೆ ಮುಗಿದು ಊಟದ ಪಂಕ್ತಿ ಬಂತು. ಬಾಗಿಲಲ್ಲಿ ಸೇರಿದ್ದವರು ಚಪ್ಪಾಳೆ ತಟ್ಟಿದರು.

"ವೇಗ ಹಿಡೀತು!" ಎಂದು ಸುಬ್ಬಣ್ಣ ಅಂಗಳಕ್ಕೆ ಹೋಗಿ, ಜೇಬಿನಿಂದ ಹಳೆಯ ಸೀಟಿ ತೆಗೆದು, ಕೆನ್ನೆ ಉಬ್ಬಿಸಿ ಊದಿದ.

ಇಡೀ ಬೀದಿ ಒಂದೇ ಉಸಿರಿಗೆ ಸ್ವಿಚ್ಚು ಹಾಕಿತು. ಗೀಸರುಗಳು, ಮಿಕ್ಸಿಗಳು, ಎಲ್ಲಕ್ಕೂ ಮಿಗಿಲಾಗಿ ಮಲ್ಲೇಶನ ಮಿಲ್ಲು. ರಸ್ತೆ ತಿರುವಿನ ಟ್ರಾನ್ಸ್‌ಫಾರ್ಮರ್ 'ಢಬ್' ಎಂದಿತು. ಕಂಪ್ಯೂಟರ್ ಕಣ್ಣು ಮುಚ್ಚಿತು. ಬ್ಯಾಟರಿ ಸತ್ತ ಯುಪಿಎಸ್ಸು ಕಳೆದ ಮಳೆಗಾಲದಿಂದ ಮೇಜಿನಡಿ ಕಾಲುಮಣೆಯಾಗಿತ್ತು.

"ನೋಡ್ದ್ಯಾ? ಎಷ್ಟು ಎಳೀತದೆ ಅಂತ ನಾನು ಮೊದ್ಲೇ ಹೇಳಿದ್ದೆ" ಎಂದ ಸುಬ್ಬಣ್ಣ.

ಲೈನ್‌ಮನ್ ಉಮೇಶ್ ಇದ್ದದ್ದು ದೇವರಾಜಣ್ಣನವರ ಬೀಗರೂಟದಲ್ಲೇ. ಸ್ಟುಡಿಯೋದ ಹೊಸ ಮಿಷನ್ನಿನಿಂದ ಟ್ರಾನ್ಸ್‌ಫಾರ್ಮರ್ ಹಾರಿತೆಂದು ಮಲ್ಲೇಶ್ ಫೋನು ಮಾಡಿದರೆ ಆ ಕಡೆ ಬಾಯಿ ತುಂಬ ಹೋಳಿಗೆ. ಪಂಕ್ತಿ ಎದ್ದ ಮೇಲೆ ಬಂದು, ಫ್ಯೂಸು ಕಟ್ಟುವ ಮೊದಲು ಬೀದಿಯವರನ್ನು ವಿಚಾರಿಸಿದ. ಮಿಲ್ಲಿನ ಮಲ್ಲೇಶ್ ಸೇರಿದಂತೆ ಎಲ್ಲರ ಬೆರಳೂ ಸ್ಟುಡಿಯೋ ಕಡೆಗೆ ತಿರುಗಿತು.

"ದಯಣ್ಣ, ಆ ಕಾರ್ಡು ಬಿಚ್ಚಿ ನನ್ ಕೈಗೆ ಕೊಡಿ. ಇಲ್ದಿದ್ರೆ ನಾನು ಕಂಬ ಹತ್ತಲ್ಲ. ನಾಳೆ ಬಂದು ಇಸ್ಕೊಳ್ಳಿ."

"ಅಲ್ಲ ಉಮೇಶ, ಇದು ಮಿಕ್ಸಿಯಷ್ಟೂ..."

"ನನ್ ಮಿಕ್ಸಿ ಸುದ್ದಿ ಬೇಡ ಅಂದೆ" ಎಂದಳು ನಂಜಮ್ಮ.

ಕಾರ್ಡು ಉಮೇಶನ ಬೈಕಿನ ಚೀಲ ಸೇರಿತು. ಕರೆಂಟು ಬಂತು. ಕೊಟ್ಟಿಗೆಹಾರದಲ್ಲಿ ತಂತಿಯ ಮೇಲೆ ಮರ ಬಿದ್ದಿದೆಯೆಂದು ಅವನು ಸಿಗ್ನಲ್ಲಿಲ್ಲದ ದಿಕ್ಕಿಗೆ ಹೊರಟುಹೋದ. ದಯಾನಂದ ಹಳೆಯ ಕಾರ್ಡು ಕೂರಿಸಿ ಮೊದಲಿನಿಂದ ಶುರುಮಾಡಿದ. ಇನ್ನು ಆರು ಗಂಟೆ ಎಂದಿತು ಪರದೆ.

"ಬೆಳಿಗ್ಗೆದನ್ನ ಬಿಟ್ಟಿದ್ರೆ ಈಗ ಮುಗೀತಿತ್ತು" ಎಂದಳು ಪವಿತ್ರಾ, ಗಡಿಯಾರಕ್ಕೆ ಹೇಳುವವಳಂತೆ.

ಆಗಲೇ ದೇವರಾಜಣ್ಣನವರ ಫೋನು ಬಂತು. ದಯಾನಂದ ಕ್ಷಮೆಯ ಮಾತು ಹೊಂದಿಸಿಕೊಂಡೇ ಎತ್ತಿದ.

"ಏನೋ ದಯಾನಂದ, ಟ್ರಾನ್ಸ್‌ಫಾರ್ಮರನ್ನೇ ಹಾರಿಸೋ ಮಿಷನ್ ತರಿಸಿದೀಯಂತೆ! ಉಮೇಶ ಪಂಕ್ತೀಲೇ ಎಲ್ರಿಗೂ ಹೇಳ್ದ. ಮೂಡಿಗೆರೆಯವ್ನ ಹತ್ರ ಎಲ್ಲಿದೆ ಅಂಥದ್ದು? ಧನ್ಯಾ ಮದ್ವೆ ನಿಂದೇ ಬಿಡು."

ದಯಾನಂದನ ಕಣ್ಣು ತುಂಬಿ ಬಂತು. "ಅಣ್ಣ, ನಿಮ್ಮ ಋಣ..."

"ಅದೆಲ್ಲ ಇರ್ಲಿ. ಬೀಗರು ಮಿಷನ್ ನೋಡ್ಲೇಬೇಕು ಅಂತ ಕೂತಿದಾರೆ. ಇಲ್ಲಿ ಅಂಗಳದಲ್ಲಿ ಪರದೆ ಗಿರದೆ ಬೇಡ, ವೀಡಿಯೋ ಅದ್ರಲ್ಲೇ ನೋಡ್ತೀವಿ. ಎರಡು ಜೀಪು ಹೊರಟಾಯ್ತು. ಅವ್ರ ಮುಂದೆ ನನ್ ಮರ್ಯಾದೆ ತೆಗೀಬೇಡ, ಆಯ್ತಾ?" ಎಂದು ಅವರು ನಗುನಗುತ್ತ ಫೋನು ಇಟ್ಟರು.

ತಿರುವಿನಲ್ಲಿ ಜೀಪಿನ ಹಾರ್ನು ಕೇಳಿಸಿತು. ಪರದೆಯ ಮೇಲೆ ದೀಪಶ್ರೀ ಇನ್ನೂ ಛತ್ರದ ಮೆಟ್ಟಿಲನ್ನೇ ಹತ್ತಿರಲಿಲ್ಲ.

"ಗಾಬರಿ ಬೀಳ್ಬೇಡ ಮಾರಾಯ" ಎಂದ ಸುಬ್ಬಣ್ಣ. "ಬೀದಿಯವ್ರ ಕೈಲಿ ಇನ್ನೊಂದ್ಸಲ ಆರಿಸಿ ನೋಡಣ. ಹಳೇದಕ್ಕೂ ಸ್ವಲ್ಪ ಜೋರು ಬರ್ಬಹುದು." ಹಾಗೆಂದವನೇ ಜೇಬಿಗೆ ಕೈ ಹಾಕಿ ಸೀಟಿ ಹುಡುಕತೊಡಗಿದ.