ಚೌಕಾಸಿಯ ಫ್ಲ್ಯಾಶ್

ಮೊರಾಕ್ಕೊದ ಫೆಸ್ ಪಟ್ಟಣದ ಚಪ್ಪಲಿ ವ್ಯಾಪಾರಿ ತಿಹಾಮಿ ಸಾಹೇಬರು ಮಗಳ ಮದುವೆಗೆ ಫೋಟೊಗ್ರಾಫರ್ ಬೇಡವೆಂದು ಘೋಷಿಸಿಬಿಟ್ಟರು!

"ಮದುಮಗಳು ಬದಲಿಸೋದು ಏಳು ಉಡುಪು, ಅದಕ್ಕೆ ಏಳು ಫೋಟೊ! ಕ್ಯಾಮೆರಾ ಮನೇಲೇ ಇದೆ. ಒಂದು ಫ್ಲ್ಯಾಶ್ ತಂದ್ರೆ ಸಾಕು."

"ತರೋವಾಗ ಅಂಗಡಿಯವರ ಮಾತು ಸ್ವಲ್ಪ ಕೇಳಿ" ಎಂದಳು ಹೆಂಡತಿ ಬತೂಲ್.

ಕ್ಯಾಮೆರಾ ಅಂಗಡಿಯ ಜಿಲಾಲಿ ಎರಡು ಫ್ಲ್ಯಾಶ್ ಮುಂದಿಟ್ಟ. "ಸೀದಿ" ಎಂದ ಗೌರವದಿಂದ, "ಇದು ನಿಮ್ಮ ಕ್ಯಾಮೆರಾ ಕಂಪನೀದೇ. ಆ ಅಗ್ಗದ್ದು ಬೇರೆ ಕಂಪನೀದು. ಮೇಲೆ ಕೂರುತ್ತೆ, ಆದ್ರೆ ಕ್ಯಾಮೆರಾ ಹೇಳಿದ ಮಾತು ಕೇಳಲ್ಲ."

ಸಾಹೇಬರು ಒಳಗೊಳಗೇ ನಕ್ಕರು. "ಆ ಅಗ್ಗದ್ದು ನಿಮ್ಮ ಕಾಲಿಗಾಗಲ್ಲ ಸೀದಿ" ಎಂದೇ ಮೂವತ್ತು ವರ್ಷ ಗಿರಾಕಿಗಳಿಗೆ ದುಬಾರಿ ಜೋಡಿಗಳನ್ನು ದಾಟಿಸಿದವರು ಅವರು! ಅಗ್ಗದ್ದನ್ನು, ಜೊತೆಗೆ ತಂದಿದ್ದ ಕ್ಯಾಮೆರಾದ ನೆತ್ತಿಗೆ ತಳ್ಳಿದರು. ಟಕ್ಕನೆ ಕೂತಿತು. ಅದರ ಬೆನ್ನಿನ ಗುಂಡಿ ಒತ್ತಿದರು. ಇಡೀ ಓಣಿಗೆ ಮಿಂಚು!

"ಮಾತು ಕೇಳಲ್ವಂತೆ!"

"ಅದು ಬರೀ ಪರೀಕ್ಷೆ ಗುಂಡಿ, ಸೀದಿ..."

ಸಾಹೇಬರು ಎರಡು ಸಲ ಎದ್ದು ಹೊರಟಂತೆ ಮಾಡಿದರು. ಎರಡು ಸಲವೂ ಬೆಲೆ ಇಳಿಯಿತು. ಮೂರನೆಯ ಸಲ ಜಿಲಾಲಿ ಕೈಚೆಲ್ಲಿ ಅಗ್ಗದ್ದನ್ನು ಕಟ್ಟಿಕೊಟ್ಟ.

ಮದುವೆಯ ಸಂಜೆ ಮದುಮಗಳು ಹಸಿರು ಉಡುಪಿನಲ್ಲಿ ಪಲ್ಲಕ್ಕಿ ಏರಿದಳು, ನಾಲ್ವರು ಹೆಗಲಿಗೆತ್ತಿದರು. ಸಾಹೇಬರು ಒತ್ತಿದರು. ಕ್ಯಾಮೆರಾ ಕ್ಲಿಕ್ ಎಂದಿತು. ಫ್ಲ್ಯಾಶ್ ಮಾತ್ರ ಮುನಿದ ಅತ್ತೆಯಂತೆ ಗಪ್‌ಚಿಪ್!

"ಬತೂಲ್, ಬಾ ಇಲ್ಲಿ! ನಾನು ಕ್ಯಾಮೆರಾ ಒತ್ತುತೀನಿ, ನೀನು ಈ ಬೆನ್ನಿನ ಗುಂಡಿ ಒತ್ತು. 'ಬಿಸ್ಮಿಲ್ಲಾ' ಅಂದಾಗ, ಇಬ್ಬರೂ ಒಟ್ಟಿಗೆ!"

ಸಾಹೇಬರು 'ಬಿಸ್' ಎನ್ನುವಾಗಲೇ ಒತ್ತಿಬಿಡುತ್ತಿದ್ದರು. ಬತೂಲ್ ಪೂರ್ತಿ ಹೇಳಿ ಮುಗಿಸಿಯೇ ಒತ್ತುವಳು.

"ಬೇಗ ಒತ್ತೇ ಮಾರಾಯ್ತಿ!"

"ದೇವರ ಹೆಸರನ್ನ ಅರ್ಧಕ್ಕೇ ತುಂಡು ಮಾಡ್ಲಾ?"

ಹೀಗೆ ಏಳು ಉಡುಪಿಗೂ ಬೆಳಕು ತಡವಾಗಿಯೇ ಬಂತು. ಮರುದಿನ ನೋಡಿದರೆ ಏಳೂ ಫೋಟೊ ಕಪ್ಪು!

"ಅಪ್ಪಾ, ಇದರಲ್ಲಿ ನಾನೆಲ್ಲಿ?" ಎಂದು ಮಗಳು ಅತ್ತೇಬಿಟ್ಟಳು. ಸಾಹೇಬರಿಗೆ ಊಟ ಸೇರಲಿಲ್ಲ.

ಸೋಮವಾರ ಜಿಲಾಲಿಯ ಅಂಗಡಿಗೆ ಬಂದವರೇ ದುಬಾರಿ ಫ್ಲ್ಯಾಶ್ ಎತ್ತಿಕೊಂಡು, ಕೇಳಿದಷ್ಟು ದುಡ್ಡು ಎಣಿಸಿಟ್ಟರು. ಜಿಲಾಲಿಗೆ ಗಾಬರಿ!

"ಸೀದಿ, ಮೈಗೆ ಹುಷಾರಿಲ್ವಾ? ಮದುವೆ ಆಗೋಯ್ತಲ್ಲ?"

"ಫೋಟೊ ಆಗಿಲ್ವಲ್ಲ! ಶುಕ್ರವಾರ ಎಲ್ಲಾ ಮತ್ತೆ. ಉಡುಪು, ಪಲ್ಲಕ್ಕಿ ಎಲ್ಲಾ ಬಾಡಿಗೆಗೆ ಹೇಳಾಯ್ತು."

"ಈ ಸಲ ಚೆನ್ನಾಗಿ ತೆಗೀತೀರಿ ಬಿಡಿ."

"ತೆಗೆಯೋದು ಬತೂಲ್" ಎಂದರು ಸಾಹೇಬರು ಹೆಗಲು ನೀವಿಕೊಳ್ಳುತ್ತಾ. "ಪಲ್ಲಕ್ಕಿ ಹೊರೋಕೆ ಮೂರೇ ಜನ ಸಿಕ್ಕಿದಾರೆ."