‘ಮ’ ನುಂಗಿದ ಶಾರ್ಟ್‌ಕಟ್ ಕಿಟಕಿಗೆ ಒಂದು ಅಹವಾಲು

ರೋಣ, ೨೦೦೬

ಮಾನ್ಯರೇ,

ರೋಣದ ಬಸ್ ನಿಲ್ದಾಣದ ಎದುರಿನ ನಮ್ಮ ಡಿಟಿಪಿ ಅಂಗಡಿಯಿಂದ, ಕರೆಂಟು ಇರುವ ಈ ಶುಭಗಳಿಗೆಯಲ್ಲಿ, ತಮಗೆ ಜಬೀನಳ ಅನಂತ ಸಲಾಮುಗಳು. ಪುಟ ವಿನ್ಯಾಸದ ತಂತ್ರಾಂಶದೊಳಗೆ, ಮೆನುವಿನ ತೀರಾ ಕೆಳಗಿನ ಸಾಲಿನಲ್ಲಿ ಯಾರ ತಂಟೆಗೂ ಹೋಗದೆ ವಾಸವಾಗಿದ್ದ ‘ಕೀಬೋರ್ಡ್ ಶಾರ್ಟ್‌ಕಟ್ ಬದಲಿಸುವ ಕಿಟಕಿ’ಯಾದ ತಮ್ಮನ್ನು ನಮ್ಮ ಯಜಮಾನರಾದ ಇಲಿಯಾಸರು ಕಳೆದ ತಿಂಗಳು ಪತ್ತೆ ಹಚ್ಚಿದರು. ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂಬುದನ್ನು ನಾವೇ ನಿರ್ಧರಿಸಬಹುದು ಎಂಬ ತಮ್ಮ ಔದಾರ್ಯ ಕಂಡು ಅವರಿಗೆ ಆದ ಸಂತೋಷ ನಮ್ಮ ನಿಕಾಹದ ದಿನವೂ ಆಗಿರಲಿಲ್ಲ.

“ಇನ್ನ ಮ್ಯಾಲೆ ಒಂದ ಬೊಟ್ಟಿನ್ಯಾಗ ಎಲ್ಲಾ ಕೆಲಸ, ನೋಡ್ತಿರು ಜಬೀನಾ!” ಎಂದು ಘೋಷಿಸಿದ ಅವರು, ‘ಮ’ ಮೂಡಿಸುವ ‘ಎಂ’ ಗುಂಡಿ ಒತ್ತಿದರೆ ಹೊಸ ಪುಟ ಬರುವಂತೆ ಮಾಡಿದರು. ಹಾಗೆ ಮಾಡಿದರೆ ಆ ಅಕ್ಷರವನ್ನು ಟೈಪ್ ಮಾಡಲಾಗದು ಎಂದು ತಾವು ಇಂಗ್ಲಿಷಿನಲ್ಲಿ ವಿನಯದಿಂದ ಎಚ್ಚರಿಸಿದಿರಂತೆ. ಅವರು ಓದದೆಯೇ ಓಕೆ ಒತ್ತಿದರು. ಓದದ ಗಂಡಸಿನ ಮಾತನ್ನು ತಕ್ಷಣ ನಡೆಸಿಕೊಟ್ಟ ತಮ್ಮ ಸೌಜನ್ಯಕ್ಕೆ ಏನು ಹೇಳಲಿ!

ಮರುದಿನ ಬೆಳಿಗ್ಗೆ ಅವರು ಕಾಗದ ತರಲು ಗದುಗಿನ ಬಸ್ಸು ಹತ್ತಿದರು. ‘ಎಂ’ ಗುಂಡಿಯ ಬಡ್ತಿಯ ವಿಷಯ ನನಗೆ ಹೇಳಲಿಲ್ಲ. ಅವರು ಅತ್ತ ಹೋಗುತ್ತಲೇ ಯಾವಗಲ್ ಊರಿನ ಮಾಳವ್ವ ಮೊಮ್ಮಗ ಮಂಜುವಿನ ಮದುವೆ ಕಾರ್ಡು ಮಾಡಿಸಲು ಬಂದರು. ಬೇರೆಯವರ ಹೊಲದಲ್ಲಿ ಕಳೆ ತೆಗೆದೇ ಮುಪ್ಪಾದ ಅವರು ಸಾಕ್ಷರತೆಯ ವರ್ಗಕ್ಕೆ ಹೋಗಿ ತಮ್ಮ ಹೆಸರು ಬರೆಯುವುದನ್ನು ಕಲಿತಿದ್ದಾರೆ.

“ಎಷ್ಟೊ ಲಗ್ನ ಆದ್ವು ಯವ್ವಾ, ಒಂದ ಕಾರ್ಡಿನ್ಯಾಗೂ ನನ್ನ ಹೆಸರಿಲ್ಲ. ಈ ಸಲ ಆಶೀರ್ವಾದ ಮಾಡವರ ಸಾಲಿನ್ಯಾಗ ನಂದ ಮೊದಲ ಇರ್ಲಿ” ಎಂದು ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತರು.

ನಾನು ‘ಮದುವೆ’ ಎಂದು ಹೊಡೆದೆ. ‘ದುವೆ’ ಎಂದು ಬಂತು, ಜೊತೆಗೆ ಒಂದು ಖಾಲಿ ಪುಟ. ‘ಮಂಜು’ ಎಂದರೆ ಬರೀ ಸೊನ್ನೆ ಹೊತ್ತ ‘ಂಜು’, ಮತ್ತೊಂದು ಖಾಲಿ ಪುಟ. ವಧು ಕವಿತಾ ಒಬ್ಬಳೇ ಪುಣ್ಯವಂತೆ, ಇಡಿಯಾಗಿ ಬಂದಳು. ನಾನು ಗಾಬರಿಯಿಂದ ಆ ಗುಂಡಿಯನ್ನು ಇನ್ನಷ್ಟು ಕುಟ್ಟಿದಂತೆಲ್ಲ ಕಾರ್ಡು ಕಾದಂಬರಿಯಷ್ಟು ದಪ್ಪವಾಗುತ್ತಾ ಹೋಯಿತು. ಅಷ್ಟರಲ್ಲಿ ಪರದೆಯ ಮೇಲೆ ಬೆರಳಿಟ್ಟು ತಮ್ಮ ಹೆಸರನ್ನು ಹುಡುಕುತ್ತಿದ್ದ ಮಾಳವ್ವ ತಟ್ಟನೆ ಬೆರಳು ನಿಲ್ಲಿಸಿದರು. ಅಲ್ಲಿ ‘ಆಳವ್ವ’ ಎಂದಿತ್ತು.

“ಜೀವಮಾನ ಮಂದಿ ಹೊಲದಾಗ ಆಳಾಗಿ ದುಡದೇನಿ, ಖರೇ ಐತಿ. ಕಾರ್ಡಿನ್ಯಾಗೂ ಆಳವ್ವ ಅನಬ್ಯಾಡ ತಂಗೀ.”

ಮಾನ್ಯರೇ, ಅವರು ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆಲ್ಲಗೆ ಅಂದರು. “ಇಲ್ರಿ ಆಯಿ, ಇದು ನಮ್ಮ ಮಷಿನ್ ಮಾಡಿದ ತಪ್ಪರಿ, ಈಗ ಸರಿ ಮಾಡ್ತೀನಿ” ಎಂದು ಹಳೆಯ ಕೆಲಸಗಳನ್ನೆಲ್ಲ ತಡಕಾಡಿದೆ. ಮೆಹಬೂಬಸುಭಾನಿಯವರ ಅಂಗಡಿಯ ‘ಚಪ್ಪಲಿ ಮಾರಾಟ ಮಳಿಗೆ’ ಎಂಬ ಕರಪತ್ರ ಸಿಕ್ಕಿತು. ಅದರಿಂದ ಒಂದು ‘ಮಾ’, ಒಂದು ‘ಮ’ ಕಿತ್ತು ತಂದು ಇಲ್ಲಿ ಅಂಟಿಸಿದೆ. ಜಾಹೀರಾತಿನ ಅಕ್ಷರಗಳಲ್ಲವೇ, ಹೋರಿಗಳಂತೆ ದಪ್ಪಗಿದ್ದವು. ಸಣ್ಣ ಮಾಡೋಣವೆಂದು ರೂಢಿಯ ಗುಂಡಿಗಳನ್ನು ಒತ್ತಿದರೆ ಇನ್ನೂ ಉಬ್ಬಿದವು. ಯಜಮಾನರು ಅವನ್ನೂ ಬಿಟ್ಟಿರಲಿಲ್ಲ.

“ತಡಿ ತಡಿ! ಮುಟ್ಟಬ್ಯಾಡ!” ಮಾಳವ್ವ ನನ್ನ ಕೈ ಹಿಡಿದುಕೊಂಡರು. “ಇದು ನನ್ನ ‘ಮಾ’ ಅಲ್ಲನ? ಊರ ಗೌಡರ ಹೆಸರಕಿಂತ ದೊಡ್ಡದ ಐತಲ್ಲ! ಹಿಂಗ ಇರ್ಲಿ, ಭಾಳ ಚಲೋ ಆತು!”

ಹಾಗೆಯೇ ಮುದ್ರಿಸಿದೆ. ಅವರು ಮೊದಲ ಕಾರ್ಡನ್ನು ಕಂಡಕ್ಟರನಿಗೆ ತೋರಿಸುತ್ತಾ ಯಾವಗಲ್ಲಿನ ಬಸ್ಸು ಹತ್ತಿದರು. ಸಂಜೆ ಬಂದ ಯಜಮಾನರು ತಮ್ಮ ಬಳಿ ಹೋಗಿ ಹಳೆಯ ಗುಂಡಿಗಳನ್ನೇ ಮರಳಿ ಆರಿಸಿ, “ಇಷ್ಟ ಸಣ್ಣದಕ್ಕ ಹಿಂಗ ಗಾಬರಿ ಆಗೂದಾ?” ಎಂದು ಚಹಾ ಕೇಳಿದರು. ಚಹಾ ಕೊಟ್ಟೆ; ಸಕ್ಕರೆ ಹಾಕಲಿಲ್ಲ.

ಈಗ ಯಾವಗಲ್ಲಿನಲ್ಲಿ ತೆಳ್ಳನೆಯ ಹೆಸರಿಗೆ ಮರ್ಯಾದೆಯೇ ಇಲ್ಲ. ಯಮನೂರಪ್ಪನವರು ಬಂದು “ನನ್ನ ‘ಯ’ ಮಾಳವ್ವನ ‘ಮಾ’ಕಿಂತ ಒಂದ ಕೂದಲೆಳಿ ದಪ್ಪ ಇರ್ಬೇಕ್ರಿ” ಎನ್ನುತ್ತಾರೆ. ಉಡಚವ್ವನವರಿಗೆ ಎಲ್ಲ ಅಕ್ಷರಗಳೂ ದಪ್ಪ ಬೇಕಂತೆ. ಆದ್ದರಿಂದ ಒಂದೇ ಕಾರ್ಡಿನಲ್ಲಿ ಎಲ್ಲರ ಹೆಸರೂ ಎಲ್ಲರ ಹೆಸರಿಗಿಂತ ದೊಡ್ಡದಾಗುವ ಒಂದು ಶಾರ್ಟ್‌ಕಟ್ಟನ್ನು ದಯಪಾಲಿಸಬೇಕೆಂದು ಕೋರುತ್ತೇನೆ. ಅದು ಸಾಧ್ಯವಾಗದಿದ್ದರೆ ತಮ್ಮ ಬಾಗಿಲಿಗೆ ಒಂದು ಚಿಲಕವಾದರೂ ಇರಲಿ.

ಇಂತಿ ತಮ್ಮ ವಿಶ್ವಾಸಿ, ತಮ್ಮ ಮೇಲೆ ವಿಶ್ವಾಸವಿಲ್ಲದ,
ಜಬೀನ

ತಾ.ಕ.: ಯಜಮಾನರು ಇವತ್ತು ಮತ್ತೆ ತಮ್ಮ ಮುಂದೆ ಕುಳಿತು ಒಬ್ಬರೇ ನಗುತ್ತಿದ್ದಾರೆ. ಕೀಬೋರ್ಡನ್ನು ಕಿತ್ತು ರೊಟ್ಟಿಯ ಬುಟ್ಟಿಯಲ್ಲಿಟ್ಟುಕೊಂಡು ನಾನು ತವರಿಗೆ ಹೊರಟಿದ್ದೇನೆ. ಅವರಿಗೆ ಮೌಸ್ ಬಿಟ್ಟಿದ್ದೇನೆ, ತಾವಿಬ್ಬರೂ ಸುಖವಾಗಿರಿ.